ಮಾಂಕ್ ಮತ್ತೆ ಮತ್ತೆ ನುಡಿಸಿದ ನಡುರಾತ್ರಿ

ಜಾಝ್ ಪಿಯಾನಿಸ್ಟ್ ಥೆಲೋನಿಯಸ್ ಮಾಂಕ್ ಮೇಲೆ ಹಳೆಯ ದೂರೊಂದಿದೆ: ನುಡಿಸಿದ್ದನ್ನೇ ನುಡಿಸುತ್ತಾನೆ. ಸುಳ್ಳೇನಲ್ಲ. ಆತ ರಚಿಸಿದ ಕೃತಿಗಳು ಎಪ್ಪತ್ತರ ಆಸುಪಾಸು. 1947ರಲ್ಲಿ ಬ್ಲೂ ನೋಟ್ ಕಂಪನಿಯ ಸ್ಟುಡಿಯೊ ಹೊಕ್ಕಾಗಿನಿಂದ 1971ರ ಲಂಡನ್ ಧ್ವನಿಮುದ್ರಣದವರೆಗೆ ಹೆಚ್ಚಾಗಿ ಅವೇ ತಿರುಗಿ ಬರುತ್ತವೆ. ಇರಲಿ ಬಿಡಿ. ಒಬ್ಬ ಗಾಯಕ ಒಂದೇ ಬಂದಿಶ್ ಅನ್ನು ನಲವತ್ತು ವರ್ಷ ಹಾಡಿದರೆ ನಾವೇನು ಟಿಕೆಟ್ ದುಡ್ಡು ವಾಪಸ್ ಕೇಳುತ್ತೇವೆಯೇ?

ಹಾಗಾಗಿ ಮಾಂಕ್‌ನ ಆಲ್ಬಂಗಳನ್ನು ವರ್ಷವಾರು ಕೇಳುತ್ತ ಹೋಗುವವರಿಗೆ ಆತ ಅರ್ಧ ಮಾತ್ರ ಸಿಗುತ್ತಾನೆ. ಒಂದು ಕೃತಿಯ ಬೆನ್ನು ಹತ್ತಿ. ನಾನು ಬೆನ್ನು ಹತ್ತಿದ್ದು 'ರೌಂಡ್ ಮಿಡ್‌ನೈಟ್'. 1947ರ ನವೆಂಬರಿನ ಬ್ಲೂ ನೋಟ್ ಮುದ್ರಣದಲ್ಲಿ ಜೊತೆಗೆ ಟ್ರಂಪೆಟ್, ಸ್ಯಾಕ್ಸೊಫೋನ್ ಇವೆ. 78 ಆರ್‌ಪಿಎಂ ತಟ್ಟೆಯ ಲೆಕ್ಕದಲ್ಲಿ ಮೂರು ನಿಮಿಷ ಚಿಲ್ಲರೆಗೆ ಮುಗಿಯಬೇಕು, ಮುಗಿಯುತ್ತದೆ. ಅಚ್ಚುಕಟ್ಟು, ಆದರೆ ಉಸಿರಾಡಲು ಜಾಗವಿಲ್ಲ.

ಆ ಜಾಗ ಸಿಗುವುದು ಹತ್ತು ವರ್ಷದ ನಂತರ, 1957ರ ಏಪ್ರಿಲ್‌ನಲ್ಲಿ ರಿವರ್‌ಸೈಡ್ ಕಂಪನಿಗೆ ಮುದ್ರಿಸಿದ 'ಥೆಲೋನಿಯಸ್ ಹಿಮ್‌ಸೆಲ್ಫ್'ನಲ್ಲಿ. 1951ರಲ್ಲಿ ಪೊಲೀಸರು ಆತನ ಕ್ಯಾಬರೆ ಕಾರ್ಡ್ ಕಿತ್ತುಕೊಂಡಿದ್ದರು. ಅದಿಲ್ಲದೆ ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಯಾವ ಕ್ಲಬ್ಬಿನಲ್ಲೂ ನುಡಿಸುವಂತಿರಲಿಲ್ಲ. ಸುಮಾರು ಆರು ವರ್ಷ ಇದೇ ಪಾಡು. ಕಾರ್ಡ್ ಮರಳಿ ಬರುವ ಮುನ್ನ ಮುದ್ರಿಸಿದ ಈ ರೆಕಾರ್ಡಿನಲ್ಲಿ, ಒಂದು ಹಾಡು ಬಿಟ್ಟರೆ ಪೂರ್ತಿ ಮಾಂಕ್ ಒಬ್ಬನೇ.

ಇದರ ಸಿಡಿ ಆವೃತ್ತಿಗೆ ಒಂದು ಅಪರೂಪದ ತುಣುಕು ಸೇರಿಕೊಂಡಿದೆ. 'ರೌಂಡ್ ಮಿಡ್‌ನೈಟ್' ರೂಪುಗೊಳ್ಳುತ್ತಿರುವಾಗ ಟೇಪ್ ಓಡುತ್ತಲೇ ಇತ್ತು. ಇಪ್ಪತ್ತು ನಿಮಿಷಕ್ಕೂ ಮಿಕ್ಕಿ. ಆತ ಶುರು ಮಾಡುತ್ತಾನೆ, ನಿಲ್ಲಿಸುತ್ತಾನೆ, ಅದೇ ಸಾಲನ್ನು ಬೇರೆ ಸ್ವರಗುಚ್ಛದ ಮೇಲೆ ಕೂರಿಸಿ ನೋಡುತ್ತಾನೆ. ಆ ಹೊತ್ತಿಗೆ ಹದಿಮೂರು ವರ್ಷವಾದರೂ ಹಳೆಯದಾದ, ಊರಿಗೆಲ್ಲ ಬಾಯಿಪಾಠವಾದ ಸ್ವಂತ ಕೃತಿಯನ್ನು!

ಇಲ್ಲಿ ಆತನ ಕೈ ಗಮನಿಸಿ. ಅಕ್ಕಪಕ್ಕದ ಎರಡು ಕೀಗಳನ್ನು ಒಟ್ಟಿಗೆ ಅಮುಕುತ್ತಾನೆ, ಕಿವಿಗೆ ಕರಕರ. ಒಂದರಿಂದ ಬೆರಳೆತ್ತಿದಾಗ ಉಳಿದ ಸ್ವರ ಆ ಕರಕರದೊಳಗಿಂದ ತೊಳೆದಿಟ್ಟಂತೆ ಹೊರಬರುತ್ತದೆ. ಪಿಯಾನೊದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇಲ್ಲ, ಎರಡು ಕೀಗಳ ನಡುವೆ ಸ್ವರವೂ ಇಲ್ಲ. ಇಲ್ಲದ್ದನ್ನು ಇದೆಯೆಂದು ಕಿವಿಯನ್ನು ನಂಬಿಸುವ ಉಪಾಯವಿದು. ಇದನ್ನು ಬೆರಳು ಜಾರಿದ ತಪ್ಪು ಎಂದುಕೊಂಡ ವಿಮರ್ಶಕರು ಆಗ ಬೇಕಾದಷ್ಟಿದ್ದರು.

ಮಾಂಕ್‌ನನ್ನು ಕೇಳಹೊರಟವರಿಗೆ ಎಲ್ಲರೂ ಮೊದಲು ಶಿಫಾರಸು ಮಾಡುವುದು 1956ರ 'ಬ್ರಿಲಿಯಂಟ್ ಕಾರ್ನರ್ಸ್'. ಅದರ ಶೀರ್ಷಿಕೆ ಕೃತಿ ಎಷ್ಟು ಕಠಿಣವೆಂದರೆ, ಸಾನಿ ರಾಲಿನ್ಸ್, ಮ್ಯಾಕ್ಸ್ ರೋಚ್‌ರಂಥ ವಾದಕರು ಇದ್ದೂ 25 ಟೇಕ್‌ಗಳಲ್ಲಿ ಒಂದೂ ಪೂರ್ತಿ ಕೂಡಲಿಲ್ಲ. ನಿರ್ಮಾಪಕ ಆರಿನ್ ಕೀಪ್‌ನ್ಯೂಸ್ ಟೇಪ್ ಕತ್ತರಿಸಿ ಅಂಟಿಸಿದರು. ದೊಡ್ಡ ರೆಕಾರ್ಡ್, ಒಪ್ಪುತ್ತೇನೆ. ಆದರೆ ಹೊಸಬರು ಅಲ್ಲಿಂದ ಶುರು ಮಾಡಿದರೆ ಓಡಿಹೋಗುತ್ತಾರೆ.

ಅರವತ್ತರ ದಶಕದಲ್ಲಿ ಕೊಲಂಬಿಯಾ ಕಂಪನಿಗೆ ಮುದ್ರಿಸಿದ ರೆಕಾರ್ಡುಗಳನ್ನು ಮೂಗುಮುರಿದು ಬದಿಗಿಡುವ ರಸಿಕರಿದ್ದಾರೆ. ಅವುಗಳಲ್ಲಿ ಸ್ಯಾಕ್ಸೊಫೋನ್ ನುಡಿಸಿದ ಚಾರ್ಲಿ ರೌಸ್ ಮಾಂಕ್‌ನ ಜೊತೆ ಹನ್ನೊಂದು ವರ್ಷ ಇದ್ದವರು. ಅವರಿಗೆ ಸಲ್ಲಬೇಕಾದ್ದು ಇನ್ನೂ ಸಂದಿಲ್ಲ. ಅನುಮಾನವಿದ್ದರೆ 1968ರ ಅಕ್ಟೋಬರ್ 27ರಂದು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ಹೈಸ್ಕೂಲಿನಲ್ಲಿ ನಡೆದ ಕಛೇರಿ ಕೇಳಿ. ಕರೆಸಿದ್ದು ಅಲ್ಲಿನ ಹದಿಹರೆಯದ ವಿದ್ಯಾರ್ಥಿ. ಪಿಯಾನೊ ಶ್ರುತಿ ಮಾಡಿ, ಬದಲಿಗೆ ರೆಕಾರ್ಡ್ ಮಾಡಿಕೊಳ್ಳಲು ಅನುಮತಿ ಕೇಳಿದ್ದು ಶಾಲೆಯ ಜಾಡಮಾಲಿ. ಆ ಟೇಪ್ ಆಲ್ಬಂ ಆಗಿ ಹೊರಬಂದದ್ದು 2020ರಲ್ಲಿ. ಕಂಪನಿಯ ಸ್ಟುಡಿಯೊದಲ್ಲಿ ಇಲ್ಲದ ಹುಮ್ಮಸ್ಸು ಅಲ್ಲಿದೆ.

ಈ ಭಾನುವಾರ ಬಿಡುವಿದ್ದರೆ ಮೊದಲು 1947ರ 'ರೌಂಡ್ ಮಿಡ್‌ನೈಟ್', ಆಮೇಲೆ 1957ರದು, ಕೊನೆಗೆ ಆ ಇಪ್ಪತ್ತು ಚಿಲ್ಲರೆ ನಿಮಿಷ ಕೇಳಿ. ಫೋನಿನ ಸ್ಪೀಕರ್ ಮಾತ್ರ ಬೇಡ. ಬೆರಳೆತ್ತಿದ ಮೇಲೆ ಉಳಿಯುವ ಸ್ವರ ಅದರಲ್ಲಿ ಕೇಳಿಸುವುದೇ ಇಲ್ಲ.