ದುರಸ್ತಿಗೆ ಮೊದಲು ನಕಲು

ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಕಂಪ್ಯೂಟರ್ ರಿಪೇರಿ ಅಂಗಡಿಗಳ ಮುಂದೆ ‘ಡೇಟಾ ರಿಕವರಿ’ ಬೋರ್ಡು ಕಾಣುವುದು ಹೊಸತೇನಲ್ಲ. ಮದುವೆ ಫೋಟೊ ಸ್ಟುಡಿಯೊದವರು, ಲಗ್ನಪತ್ರಿಕೆ ಮಾಡುವ ಡಿಟಿಪಿಯವರು ಹಾರ್ಡ್ ಡಿಸ್ಕ್ ಕೈಕೊಟ್ಟಾಗ ಓಡಿಬರುವುದು ಇಲ್ಲಿಗೇ. ಎಷ್ಟೋ ಕಡೆ ಅಲ್ಲಿ ನಡೆಯುವ ಮೊದಲ ಚಿಕಿತ್ಸೆ ವಿಂಡೋಸಿನ ಚೆಕ್‌ಡಿಸ್ಕ್. ಅದಕ್ಕೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗೆ ಮೀರಿದ್ದು. ನಿಜಕ್ಕೂ ಹೆಸರು ಸಿಗಬೇಕಾಗಿದ್ದ ಜಿಎನ್‌ಯು ಡಿಡಿರೆಸ್ಕ್ಯೂ ಮಾತ್ರ ಮೂಲೆಯಲ್ಲಿದೆ.

ಚೆಕ್‌ಡಿಸ್ಕ್ ಕೆಟ್ಟ ಉಪಕರಣವಲ್ಲ. ಕರೆಂಟು ಹೋಗಿ ಕಡತಗಳ ಲೆಕ್ಕ ತಪ್ಪಿದ, ಆದರೆ ಗಟ್ಟಿಮುಟ್ಟಾಗಿರುವ ಡಿಸ್ಕಿಗೆ ಅದು ಸರಿ. ಆದರೆ ಅದರ ನಿಷ್ಠೆ ಲೆಕ್ಕ ಹೊಂದಿಸುವುದಕ್ಕೇ ಹೊರತು ನಿಮ್ಮ ಕಡತಗಳಿಗಲ್ಲ. ಹೊಂದದ ನಮೂದನ್ನು ಅಳಿಸುತ್ತದೆ, ಉಳಿದ ಚೂರುಗಳಿಗೆ ‘ಸಿಎಚ್‌ಕೆ’ ಎಂಬ ಬಾಲ ಅಂಟಿಸಿ ಬೇರೆ ಫೋಲ್ಡರಿಗೆ ಹಾಕುತ್ತದೆ. ಇದೆಲ್ಲ ನಡೆಯುವುದು ಸಾಯುತ್ತಿರುವ ಆ ಡಿಸ್ಕಿನ ಮೇಲೆಯೇ. ತಪ್ಪಾದರೆ ಹಿಂದಕ್ಕೆ ಹೋಗುವ ದಾರಿ ಇಲ್ಲ.

ಆಂಟೋನಿಯೊ ಡಿಯಾಜ್ ಡಿಯಾಜ್ 2004ರಲ್ಲಿ ಹೊರತಂದ ಡಿಡಿರೆಸ್ಕ್ಯೂ ಏನನ್ನೂ ದುರಸ್ತಿ ಮಾಡುವುದಿಲ್ಲ. ಮೂಲ ಡಿಸ್ಕನ್ನು ಓದಿ ಇನ್ನೊಂದಕ್ಕೆ ಬರೆಯುತ್ತದೆ, ಅಷ್ಟೆ. ಅದರ ಜಾಣತನವೆಲ್ಲ ಓದುವ ಕ್ರಮದಲ್ಲಿದೆ. ಕೆಟ್ಟ ಸೆಕ್ಟರು ಸಿಕ್ಕಿದರೆ ಸಾಮಾನ್ಯ ಡಿಸ್ಕು ತಾನೇ ಮತ್ತೆ ಮತ್ತೆ ಓದಲು ಯತ್ನಿಸುತ್ತದೆ. ಒಂದೇ ಸೆಕ್ಟರಿಗೆ ಎಷ್ಟೋ ಸೆಕೆಂಡು ಹೋಗುತ್ತದೆ, ಹೆಡ್ಡಿಗೂ ದಣಿವು. ಸಾಮಾನ್ಯ ನಕಲು ಅಲ್ಲೇ ಸಿಕ್ಕಿಕೊಂಡು ನಿಲ್ಲುತ್ತದೆ. ಡಿಡಿರೆಸ್ಕ್ಯೂ ಜಗ್ಗಾಡುವುದಿಲ್ಲ. ದೋಷ ಕಂಡೊಡನೆ ಆ ಜಾಗ ಬಿಟ್ಟು ಮುಂದೆ ಹಾರುತ್ತದೆ, ದೋಷ ಮತ್ತೆ ಸಿಕ್ಕಿದರೆ ಹಾರುವ ದೂರ ಹೆಚ್ಚುತ್ತದೆ. ಆಮೇಲೆ ಕೊನೆಯಿಂದ ಮೊದಲಿನ ಕಡೆಗೆ ಹಿಮ್ಮುಖವಾಗಿ ಬಂದು, ಬಿಟ್ಟ ಜಾಗದ ಇನ್ನೊಂದು ಅಂಚನ್ನು ಮುಟ್ಟುತ್ತದೆ. ಸುಲಭವಾಗಿ ಬರುವುದೆಲ್ಲ ಕೈಸೇರಿದ ಮೇಲಷ್ಟೇ ಕೆಟ್ಟ ಜಾಗದ ಅಂಚು ಸವರುವುದು, ಕೊನೆಗೆ ಒಂದೊಂದೇ ಸೆಕ್ಟರನ್ನು ಕೆರೆಯುವುದು. ಡಿಸ್ಕು ಅರ್ಧದಲ್ಲಿ ಪ್ರಾಣ ಬಿಟ್ಟರೂ ಬರಬಹುದಾಗಿದ್ದರಲ್ಲಿ ಬಹುಪಾಲು ಅಷ್ಟರೊಳಗೆ ಬಂದಿರುತ್ತದೆ.

ಜೊತೆಗೆ ಅದು ಬರೆದಿಡುವ ನಕ್ಷೆ. ಸಾದಾ ಪಠ್ಯದ ಕಡತ, ಪ್ರತಿ ಸಾಲಿನಲ್ಲಿ ಮೂರು ಅಂಕಣ: ಎಲ್ಲಿಂದ, ಎಷ್ಟು, ಏನಾಯಿತು. ಓದಿದ್ದಕ್ಕೆ ಕೂಡು ಚಿಹ್ನೆ, ಕೆಟ್ಟದ್ದಕ್ಕೆ ಕಳೆ ಚಿಹ್ನೆ, ಮುಟ್ಟದ್ದಕ್ಕೆ ಪ್ರಶ್ನಾರ್ಥಕ. ನಡುವೆ ಕರೆಂಟು ಹೋದರೂ ನಾಳೆ ನಿಂತಲ್ಲಿಂದಲೇ ಹೊರಡಬಹುದು. ಈ ಪ್ರಾಮಾಣಿಕ ಲೆಕ್ಕ ದುಬಾರಿ ತಂತ್ರಾಂಶಗಳ ಬಣ್ಣದ ಪರದೆಗಳಲ್ಲಿ ನನಗೆ ಅಪರೂಪವಾಗಿಯೇ ಕಂಡಿದೆ.

‘ಕಪ್ಪು ಪರದೆ, ನಿಧಾನ, ಗಿರಾಕಿ ಕಾಯುವುದಿಲ್ಲ’ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ನಿಧಾನ ಡಿಸ್ಕಿನದು, ಉಪಕರಣದ್ದಲ್ಲ. ಮೂಲ, ಗುರಿ ಎರಡನ್ನೂ ಅದಲುಬದಲು ಬರೆದರೆ ಸರ್ವನಾಶವೆಂಬುದು ನಿಜ, ಆ ದೂರನ್ನು ಒಪ್ಪುತ್ತೇನೆ. ಟಕ್ ಟಕ್ ಸದ್ದು ಮಾಡುವ ಡಿಸ್ಕಿಗಂತೂ ಇದೂ ಬೇಡ, ತಕ್ಷಣ ಆರಿಸಿ, ಧೂಳಿಲ್ಲದ ಲ್ಯಾಬಿಗೆ ಕೊಡಬೇಕು.

ಇನ್ನೊಂದು ಗುಂಪು ಬ್ಯಾಕಪ್ ಬೋಧಕರದ್ದು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ ಎಂಬ ಸೂತ್ರವನ್ನು ಜನಪ್ರಿಯಗೊಳಿಸಿದ ಪೀಟರ್ ಕ್ರೋಗ್ ಛಾಯಾಗ್ರಾಹಕರು, ಸೂತ್ರವೂ ಗಟ್ಟಿ. ಆದರೆ ಅದನ್ನು ಉಚ್ಚರಿಸುವವರು ಗೂಗಲ್ ಡ್ರೈವ್ ಸಿಂಕನ್ನೂ ಒಂದು ಪ್ರತಿಯೆಂದು ಎಣಿಸುತ್ತಾರೆ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಮೂವತ್ತು ದಿನದ ಕಸದಬುಟ್ಟಿ ದಾಟಿದರೆ ಮುಗಿಯಿತು. ಹೊರತೆಗೆದು ನೋಡದ ಪ್ರತಿಯನ್ನು ನಾನು ಪ್ರತಿ ಎನ್ನುವುದಿಲ್ಲ.

ಈ ಎರಡೂ ಗುಂಪಿನವರು ಕನ್ನಡದ ಕೆಲಸವನ್ನು ಕಣ್ಣಿಟ್ಟು ನೋಡಿಲ್ಲ. ನಕಲಿನಿಂದ ಕಡತ ತೆಗೆಯುವ ಫೋಟೊರೆಕ್ ಕಡತದ ಒಳಗಿನ ಗುರುತು ನೋಡಿ ಎತ್ತುತ್ತದೆ, ಹೆಸರು ಉಳಿಯುವುದಿಲ್ಲ. ‘ಎಫ್’ ಎಂಬ ಅಕ್ಷರ, ಮುಂದೆ ಅಂಕಿಗಳ ಸಾಲು. ಸಾವಿರಾರು ಕಡತಗಳಲ್ಲಿ ಬೇಕಾದದ್ದನ್ನು ಒಳಗಿನ ಪದದಿಂದಲೇ ಹುಡುಕಬೇಕು. ಬಸವೇಶ್ವರನಗರದ ಡಿಟಿಪಿಯವರು ‘ಗೃಹಪ್ರವೇಶ’ ಎಂದು ಯುನಿಕೋಡಿನಲ್ಲಿ ಟೈಪಿಸಿ ಹುಡುಕಿದರೆ ಹಳೆಯ ನುಡಿ ಫಾಂಟಿನ ಕಡತ ಒಂದೂ ಸಿಗದು. ಅಲ್ಲಿ ಕೂತಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ, ಕನ್ನಡದ ಆಕಾರ ಕೊಡುವುದು ಫಾಂಟು. ಹುಡುಕುವ ಪದವನ್ನೂ ಅದೇ ಫಾಂಟಿನ ಸಂಕೇತದಲ್ಲೇ ಟೈಪಿಸಬೇಕು. ಫಾಂಟು ವಿಂಡೋಸಿನ ಜೊತೆಗೇ ಹೋಗಿದ್ದರೆ, ಡಿಡಿರೆಸ್ಕ್ಯೂ ಆ ಕಡತದ ಪ್ರತಿಯೊಂದು ಸೆಕ್ಟರನ್ನು ತಂದುಕೊಟ್ಟರೂ ತೆರೆದಾಗ ಕಾಣುವುದು ಅರ್ಥವಿಲ್ಲದ ಗೀಚು. ಆದ್ದರಿಂದ ಡಿಟಿಪಿಯವರ ಬ್ಯಾಕಪ್ಪಿನಲ್ಲಿ ಪೇಜ್‌ಮೇಕರ್ ಕಡತದ ಪಕ್ಕದಲ್ಲೇ ಬಳಸಿದ ಫಾಂಟುಗಳು, ಫಾಂಟು ಒಳಗೇ ಸೇರಿಸಿದ ಪಿಡಿಎಫ್, ಯುನಿಕೋಡಿಗೆ ಬದಲಿಸಿದ ಪಠ್ಯ ಇರಬೇಕು. ಫೋಲ್ಡರಿನ ಪಟ್ಟಿಯನ್ನು ಪ್ರಿಂಟ್ ತೆಗೆದು ಅಂಗಡಿಯ ಡ್ರಾಯರಿನಲ್ಲಿಡಬೇಕು.