ವಾಲ್ಕಿರಿಯ ಕೈಗೆ ಕೊಡಲಿ ಕೊಟ್ಟವರು ಯಾರು?

ಶ್ರೀಕೃಷ್ಣ ಪಾರಿಜಾತದಲ್ಲಿ ಪಾತ್ರಧಾರಿ ರಂಗಕ್ಕೆ ಬಂದರೆ ಭಾಗವತ ಸುಮ್ಮನೆ ಬಿಡುವುದಿಲ್ಲ. ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು ಎಂದು ಕೆದಕುತ್ತಾನೆ. ಈ ಬಯಲಾಟಕ್ಕೆ ಹೆಸರಾದ ಕುಲಗೋಡ ತಮ್ಮಣ್ಣನ ಊರು ಮೂಡಲಗಿ ತಾಲ್ಲೂಕಿನಲ್ಲೇ ಇರುವುದರಿಂದ ಈ ಸವಾಲು-ಜವಾಬು ನಮ್ಮ ಭಾಗದವರಿಗೆ ಹೊಸದಲ್ಲ. ಗೋಕಾಕ, ಹುಕ್ಕೇರಿಯ ಹುಡುಗರು ಮೊಬೈಲಿನಲ್ಲಿ ಕಾಳಗಕ್ಕೆ ಇಳಿಸುವ ಯೂನಿಟ್‌ಗಳನ್ನೂ ಯಾರಾದರೂ ಹಾಗೇ ನಿಲ್ಲಿಸಿ ಕೇಳಬೇಕು. ಈ ವಾರ ಆ ಕೆಲಸ ನನ್ನದು.

ಮೊದಲು ವಾಲ್ಕಿರಿ. 2012ರಲ್ಲಿ ಫಿನ್ಲೆಂಡಿನ ಸೂಪರ್‌ಸೆಲ್ ಹೊರತಂದ ಕ್ಲಾಷ್ ಆಫ್ ಕ್ಲಾನ್ಸ್ ಆಡಿದವರಿಗೆಲ್ಲ ಈಕೆ ಗೊತ್ತು. ಕೆಂಗೂದಲು, ಭಾರಿ ಕೊಡಲಿ; ಕಟ್ಟಡಗಳ ನಡುವೆ ನುಗ್ಗಿ ಗಿರಗಿರನೆ ತಿರುಗಿ ಸುತ್ತಲಿನದನ್ನೆಲ್ಲ ಕೆಡವುತ್ತಾಳೆ. ಆಡಲು ಬಲು ಚೆಂದ. ಆದರೆ ಹಳೆಯ ನಾರ್ಸ್ ಜನರ ವಾಲ್ಕಿರಿಯ ಕೆಲಸ ಬೇರೆಯೇ ಇತ್ತು. ರಣರಂಗದಲ್ಲಿ ಯಾರು ಮಡಿಯಬೇಕು ಎಂದು ಆರಿಸುವವಳು ಅವಳು. ಹೆಸರಿನ ಅರ್ಥವೇ ಅದು. ಆರಿಸಿದ ವೀರರನ್ನು ಓಡಿನ್ ದೇವನ ವಲ್ಹಲ್ಲಾ ಎಂಬ ಸಭಾಮಂಟಪಕ್ಕೆ ಸೇರಿಸಿ, ಅಲ್ಲಿ ಅವರಿಗೆ ಪಾನ ಬಡಿಸುತ್ತಾಳೆ. ಕೊಡಲಿ ಬೀಸುವುದಕ್ಕಿಂತ ಬಹಳ ಗಂಭೀರವಾದ ಅಧಿಕಾರ ಅದು.

ಅವಳು ಕರೆದೊಯ್ದ ವೀರರಿಗೆ ಐನ್‌ಹೆರಿಯರ್ ಎಂದು ಹೆಸರು. ಹಗಲೆಲ್ಲ ತಮ್ಮತಮ್ಮಲ್ಲೇ ಕಾದಾಡಿ ಬೀಳುತ್ತಾರೆ, ಸಂಜೆ ಎದ್ದು ಕೂಡಿ ಊಟಕ್ಕೆ ಕೂರುತ್ತಾರೆ. ಲೋಕದ ಕೊನೆಯ ಯುದ್ಧಕ್ಕೆ ಇದು ತಾಲೀಮು. ಆ ದಿನ ವಲ್ಹಲ್ಲಾದ 540 ಬಾಗಿಲುಗಳಿಂದ, ಒಂದೊಂದು ಬಾಗಿಲಿಗೆ 800 ಮಂದಿಯಂತೆ ಹೊರಬೀಳುತ್ತಾರೆ ಎನ್ನುತ್ತದೆ ಅವರ ಹಳೆಯ ಕಾವ್ಯ. ಗುಣಿಸಿದರೆ 4,32,000. ನಮ್ಮ ಪಂಚಾಂಗ ಕಲಿಯುಗಕ್ಕೆ ಹೇಳುವ ವರ್ಷಗಳೂ ಅಷ್ಟೇ. ಇದರಿಂದ ನಂಟು ಕಟ್ಟಲು ಹೊರಡಬೇಡಿ. ಆ ಜನರ ನೂರು ಕೆಲವೊಮ್ಮೆ 120 ಆಗುತ್ತಿತ್ತು, ಆಗ ಲೆಕ್ಕವೇ ಬದಲು.

ಈ ಹೆಸರುಗಳಿಗೆ ನಿಜವಾಗಿ ಮರ್ಯಾದೆ ಕೊಟ್ಟ ಆಟ, ನನ್ನ ಮಟ್ಟಿಗೆ, 2002ರ ಏಜ್ ಆಫ್ ಮೈಥಾಲಜಿ. ಸೈಬರ್ ಕೆಫೆಗಳ ಕಾಲದ ಈ ಆಟವನ್ನು ಇಂದಿನವರೂ ಹುಡುಕಿ ಆಡಬೇಕು. ಅಲ್ಲಿ ಗ್ರೀಕರು ಪ್ರಾರ್ಥಿಸಿ ದೇವರ ಕೃಪೆ ಗಳಿಸುತ್ತಾರೆ, ಈಜಿಪ್ಟಿನವರು ಸ್ಮಾರಕ ಕಟ್ಟಿ ಗಳಿಸುತ್ತಾರೆ, ನಾರ್ಸ್ ಜನ ಮಾತ್ರ ಹೋರಾಡಿಯೇ ಗಳಿಸಬೇಕು. ಸುಮ್ಮನೆ ಕೂತರೆ ಓಡಿನ್ ಒಲಿಯುವುದಿಲ್ಲ. ವಾಲ್ಕಿರಿ ಅಲ್ಲಿ ಕುದುರೆಯೇರಿ ಬಂದು ಗಾಯಗೊಂಡ ತನ್ನವರನ್ನು ಗುಣಪಡಿಸುತ್ತಾಳೆ. ದೇವಲೋಕದ ಕಾವಲುಗಾರ ಹೈಮ್ಡಾಲ್‌ನನ್ನು ಆರಿಸಿಕೊಂಡರೆ ಐನ್‌ಹೆರಿ ಸಿಗುತ್ತಾನೆ. ಅವನು ಕೊಂಬು ಊದಿದರೆ ಸುತ್ತಲಿನ ಪಡೆಯ ಹೊಡೆತಕ್ಕೆ ಬಲ ಬರುತ್ತದೆ. ಪುರಾಣದಲ್ಲಿ ಕೊನೆಯ ಯುದ್ಧದ ಕೊಂಬು ಹೈಮ್ಡಾಲ್‌ನದೇ. ಯಾರೋ ಕೂತು ಓದಿ, ಯೋಚಿಸಿ ಮಾಡಿದ ಯೂನಿಟ್ ಇದು.

ಹಸ್‌ಕಾರ್ಲ್ ವಿಷಯದಲ್ಲಿ ಅಷ್ಟು ಕಾಳಜಿ ಎಲ್ಲೆಡೆ ಕಾಣುವುದಿಲ್ಲ. ಹಸ್‌ಕಾರ್ಲ್ ಎಂದರೆ ಒಡೆಯನ ಮನೆಯಾಳು, ಅವನ ಅನ್ನ ಉಂಡು ಅವನ ಮೈಗಾವಲಿಗೆ ನಿಂತ ಯೋಧ. 1066ರಲ್ಲಿ ಹೇಸ್ಟಿಂಗ್ಸ್ ರಣದಲ್ಲಿ ದೊರೆ ಹೆರಾಲ್ಡ್‌ನ ಪಡೆಯ ತಿರುಳು ಇಂಥವರೇ. ಆದರೆ 1999ರ ಏಜ್ ಆಫ್ ಎಂಪೈರ್ಸ್‌ನ ಎರಡನೆಯ ಆಟ ಈ ಹೆಸರನ್ನು ಗಾಥರಿಗೆ ಕೊಟ್ಟಿತು. ಗಾಥರು ರೋಮ್ ನಗರವನ್ನು ಸೂರೆ ಮಾಡಿದ್ದು 410ರಲ್ಲಿ. ಅವರದು ಬೇರೆ ಕಾಲ, ಬೇರೆ ನೆಲ.

ಬರ್ಸರ್ಕರ್ ಕತೆ ಇನ್ನೂ ಹಳೆಯದು, ಆಟದ ಮಣೆಗೂ ಅವನು ಹಳಬ. ಮೈಮೇಲೆ ಆವೇಶ ಬಂದು, ಕವಚವಿಲ್ಲದೆ, ಗುರಾಣಿ ಕಚ್ಚುತ್ತ ಕಾಳಗಕ್ಕೆ ಇಳಿಯುವವನು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ 1831ರಲ್ಲಿ ಚೆಸ್ ಕಾಯಿಗಳ ದೊಡ್ಡ ನಿಧಿ ಸಿಕ್ಕಿತು. 12ನೆಯ ಶತಮಾನದವು, ವಾಲ್ರಸ್ ಎಂಬ ಕಡಲಪ್ರಾಣಿಯ ದಂತದಲ್ಲಿ ಕೆತ್ತಿದವು. ನಾವು ಆನೆ ಇಡುವ ಮೂಲೆಯಲ್ಲಿ ಅವರು ಕಾಲಾಳು ಕಾವಲುಗಾರನನ್ನು ಇಟ್ಟಿದ್ದಾರೆ. ಅವರಲ್ಲಿ ಕೆಲವರನ್ನು ಹತ್ತಿರದಿಂದ ನೋಡಿ: ಕಣ್ಣುಗುಡ್ಡೆ ಹೊರಬಂದಿವೆ, ಕೈಯಲ್ಲಿ ಕತ್ತಿ, ಮೇಲಿನ ಹಲ್ಲುಸಾಲು ಗುರಾಣಿಯ ಅಂಚನ್ನು ಗಟ್ಟಿಯಾಗಿ ಕಚ್ಚಿ ಹಿಡಿದಿದೆ. ಇಂದಿನ ಎಲ್ಲ ಬರ್ಸರ್ಕರ್ ಯೂನಿಟ್‌ಗಳ ಮುತ್ತಜ್ಜ ಅವನೇ.

ಇಷ್ಟು ದೂರದ ಹೆಸರುಗಳು ನಮ್ಮ ಹುಡುಗರಿಗೆ ಯಾಕಿಷ್ಟು ಬೇಗ ಹತ್ತಿರವಾಗುತ್ತವೆ? ಊರ ಗುಡಿಯ ಪಕ್ಕ ನಿಂತ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ತಳದಲ್ಲಿ ಕಾಳಗ. ನಡುವೆ, ಮಡಿದ ವೀರನನ್ನು ಎರಡೂ ಬದಿ ಹಿಡಿದು ಕರೆದೊಯ್ಯುವ ಅಪ್ಸರೆಯರು. ತುದಿಯಲ್ಲಿ ಶಿವಲಿಂಗದ ಎದುರು ಕೂತ ವೀರ. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ಚಿತ್ರಶಿಲೆಗಳಲ್ಲಿ ಎಂಟು ಕಾಲಿನ ಕುದುರೆಯೇರಿ ಬಂದವನಿಗೆ ಹೆಣ್ಣೊಬ್ಬಳು ಪಾನದ ಕೊಂಬು ನೀಡುತ್ತಾಳೆ. ಎರಡು ನೆಲಗಳು, ನಂಬಿಕೆಯ ಜಾಡು ಒಂದೇ. ವಾಲ್ಕಿರಿಯನ್ನು ನಮ್ಮ ಮಕ್ಕಳು ಹೆಸರಿನಿಂದ ಬಲ್ಲರು, ಕಲ್ಲಿನ ಮೇಲಿನ ಸುರಾಂಗನೆಯರ ಕೆಲಸ ಏನೆಂದು ಅವರಿಗೆ ಯಾರೂ ಹೇಳಿಲ್ಲ. ಇದು ನನಗೆ ನಿಜವಾಗಿ ನೋವಿನ ಸಂಗತಿ.

ಐಸ್‌ಲ್ಯಾಂಡಿನ ಸ್ನೋರಿ ಸ್ಟರ್ಲುಸನ್ ಈ ಕತೆಗಳನ್ನೆಲ್ಲ ಎಡ್ಡಾ ಗ್ರಂಥದಲ್ಲಿ ಕೂಡಿಸಿದ್ದು 1220ರ ಸುಮಾರಿಗೆ. ಅದೇ 1220ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ತೀರಿಕೊಂಡ. ಒಡೆಯನೊಂದಿಗೇ ಸಾಯುವೆನೆಂದು ಮಾತು ಕೊಟ್ಟಿದ್ದ ಅವನ ಮೈಗಾವಲಿನ ಯೋಧ, ಅಂದರೆ ಗರುಡ, ಕುವರ ಲಕ್ಷ್ಮ, ಹೆಂಡತಿ ಸುಗ್ಗಲದೇವಿ ಮತ್ತು ತನ್ನ ಪಡೆಯವರ ಸಮೇತ ಪ್ರಾಣ ಬಿಟ್ಟ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಕಂಬದ ಮೇಲೆ ಅದರ ಶಾಸನವಿದೆ, ತಮ್ಮನ್ನೇ ಕತ್ತರಿಸಿಕೊಳ್ಳುವ ಆಳುಗಳ ಕೆತ್ತನೆಯೂ ಇದೆ.

ಆಟ ಕಟ್ಟುವ ಕಸುಬು ಕಲಿಯುತ್ತಿರುವ ನಮ್ಮ ಭಾಗದ ತರುಣರಿಗೆ ಆ ಗರುಡನನ್ನೇ ಮೊದಲ ಯೂನಿಟ್ ಮಾಡಿ ಎನ್ನುತ್ತೇನೆ. ಕೊಡಲಿಯ ಅಬ್ಬರ ಅವನಿಗೆ ಬೇಡ. ನಿಯಮ ಒಂದೇ ಇರಲಿ: ರಾಜ ಬದುಕಿರುವವರೆಗೆ ಅವನ ಪಕ್ಕದಿಂದ ಗರುಡನನ್ನು ಯಾವ ಪಡೆಯೂ ಕದಲಿಸಲಾರದು, ರಾಜ ಬಿದ್ದ ಗಳಿಗೆಗೆ, ಮೈಯಲ್ಲಿ ಎಷ್ಟೇ ಶಕ್ತಿ ಉಳಿದಿದ್ದರೂ, ಅವನೂ ಆಟದಿಂದ ಹೋಗಬೇಕು.