ಉಪ್ಪಿನ ಲೆಕ್ಕ ಬಿಟ್ಟ ನೀರಿನ ಉಳಿತಾಯ

ತಮಿಳುನಾಡಿನ ತಿರುಪ್ಪೂರು ಇಂದು ಬಣ್ಣದ ನೀರಿನ ಮರುಬಳಕೆಗೆ ಮಾದರಿ ಎನಿಸಿಕೊಂಡಿದೆ. ಆ ಹೆಸರು ಪುಕ್ಕಟೆ ಬಂದದ್ದಲ್ಲ. ಬನಿಯನ್, ಟೀ ಶರ್ಟುಗಳಿಗೆ ಬಣ್ಣ ಹಾಕಿ ಚೆಲ್ಲಿದ ನೀರು ವರ್ಷಗಟ್ಟಲೆ ನೊಯ್ಯಲ್ ನದಿಗೆ ಹರಿದು, ನೀರಾವರಿಗೆಂದೇ ಕಟ್ಟಿದ ಒರತ್ತುಪಾಳ್ಯಂ ಜಲಾಶಯ ಕೊಳಚೆಯ ಮಡುವಾಯಿತು. ಸುತ್ತಲಿನ ಬಾವಿಗಳ ನೀರು ಉಪ್ಪಾಯಿತು. ರೈತರು ನ್ಯಾಯಾಲಯಕ್ಕೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ನೂರಾರು ಘಟಕಗಳನ್ನು ಮುಚ್ಚಿಸಿತು. ಮತ್ತೆ ತೆರೆಯಬೇಕಾದರೆ ಒಂದು ಹನಿಯೂ ಹೊರಗೆ ಹೋಗಬಾರದು ಎಂಬುದು ಷರತ್ತು. ಬಳಸಿದ ನೀರನ್ನು ಶುದ್ಧೀಕರಿಸಿ, ಆರ್‌ಒ ಪೊರೆಗಳಲ್ಲಿ ಸೋಸಿ, ಹೆಚ್ಚಿನ ಪಾಲನ್ನು ಮತ್ತೆ ತೊಟ್ಟಿಗೆ ತರುವ ವ್ಯವಸ್ಥೆ ಬಂದದ್ದು ಹೀಗೆ. ನದಿಯ ಮಟ್ಟಿಗೆ ಇದು ದೊಡ್ಡ ಗೆಲುವು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆರ್‌ಒ ದಾಟದೆ ಉಳಿದ ಉಪ್ಪುನೀರಿನ ಒಂದು ಪಾಲು ಬಣ್ಣಕ್ಕೆ ಮರಳಿದರೂ ಮಿಕ್ಕದ್ದನ್ನು ಕುದಿಸಿ ಆವಿ ಮಾಡಲೇಬೇಕು. ಅದಕ್ಕೆ ಇಂಧನ ಸುಡಬೇಕು. ಕೊನೆಗೆ ಉಳಿಯುವ ಬೆರಕೆ ಉಪ್ಪು ಯಾರಿಗೂ ಬೇಡವಾಗಿ ಶೆಡ್ಡುಗಳಲ್ಲಿ ರಾಶಿ ಬೀಳುತ್ತದೆ.

ಈ ಉಪ್ಪು ಬಂದದ್ದು ಬಣ್ಣದ ತೊಟ್ಟಿಯಿಂದಲೇ. ನೀರಿನಲ್ಲಿ ಹತ್ತಿಯ ನೂಲೂ ರಿಯಾಕ್ಟಿವ್ ಬಣ್ಣವೂ ಋಣ ವಿದ್ಯುದಂಶ ಹೊತ್ತು ಒಂದನ್ನೊಂದು ದೂಡುತ್ತವೆ. ಉಪ್ಪು ಸುರಿದರೆ ಮಾತ್ರ ಬಣ್ಣ ನೂಲಿನತ್ತ ಸರಿಯುತ್ತದೆ, ಆಮೇಲೆ ಸೋಡಾ ಆಶ್ ಅದನ್ನು ಅಲ್ಲಿ ಕೂರಿಸುತ್ತದೆ. ಗಾಢ ಬಣ್ಣವಾದರೆ ಲೀಟರಿಗೆ 60 ಗ್ರಾಂ ಉಪ್ಪು ಮಾಮೂಲು. ಕಿಲೊ ಬಟ್ಟೆಗೆ 10 ಲೀಟರ್ ನೀರು ಹಿಡಿಯುವ ಯಂತ್ರದಲ್ಲಿ ಅದು 600 ಗ್ರಾಂ ಆಯಿತು. 5 ಲೀಟರಿನಲ್ಲಿ ಕೆಲಸ ಮುಗಿಸುವ ಯಂತ್ರಕ್ಕೆ 300 ಗ್ರಾಂ ಸಾಕು. ಉಪ್ಪನ್ನು ಅಳೆದು ಹಾಕುವುದು ನೀರಿಗೆ, ಬಟ್ಟೆಗಲ್ಲ. ಆದ್ದರಿಂದ ತೊಟ್ಟಿಯಲ್ಲಿ ಉಳಿಸಿದ ಪ್ರತಿ ಲೀಟರೂ ಮುಂದಿನ ಶುದ್ಧೀಕರಣದ ಹೊರೆಯನ್ನು ಇಳಿಸುತ್ತದೆ. ನೂಲಿಗೆ ಹತ್ತದೆ ಉಳಿದ ಬಣ್ಣವನ್ನು ಬಿಡಿಸಲು ಬಿಸಿ ನೀರು, ಸೋಪು, ತಣ್ಣೀರು ಎಂದು ಸುತ್ತಿನ ಮೇಲೆ ಸುತ್ತು ತೊಳೆಯಬೇಕಲ್ಲ, ನೀರು ಹೆಚ್ಚು ಖರ್ಚಾಗುವುದೇ ಅಲ್ಲಿ. ಚೆನ್ನಾಗಿ ಹತ್ತುವ ಬಣ್ಣ ಆರಿಸಿಕೊಂಡರೆ ಆ ಸುತ್ತುಗಳೂ ಕಡಿಮೆಯಾಗುತ್ತವೆ. ಬಟ್ಟೆಯನ್ನು ಬಣ್ಣದಲ್ಲಿ ಅದ್ದಿ, ಹಿಂಡಿ, ಸುರುಳಿ ಸುತ್ತಿ ರಾತ್ರಿಯಿಡೀ ತಿರುಗಲು ಬಿಡುವ ಕೋಲ್ಡ್ ಪ್ಯಾಡ್ ಬ್ಯಾಚ್ ವಿಧಾನಕ್ಕಂತೂ ಉಪ್ಪೇ ಬೇಡ.

ಇದಕ್ಕೆ ಎದುರಾಡುವವರ ಮಾತಿನಲ್ಲೂ ಹುರುಳಿದೆ. ತಿರುಪ್ಪೂರಿನದು ಹೆಣೆದ ಬಟ್ಟೆ, ರೋಲರಿನ ಎಳೆತಕ್ಕೆ ಹಿಗ್ಗುತ್ತದೆ, ಅಂಚಿನಲ್ಲಿ ಗೆರೆ ಬೀಳುತ್ತದೆ. ನಿಜವೇ, ಆದರೆ ಸೀಳಿ ಹರಡಿದ ಬಟ್ಟೆಯನ್ನು ಎಳೆತ ಕಡಿಮೆಯಿಟ್ಟು ಓಡಿಸುವ ಯಂತ್ರಗಳು ಬಂದಿವೆ. ಎಲ್ಲ ಆರ್ಡರಿಗೂ ಅದು ಒಗ್ಗದಿರಬಹುದು, ಒಗ್ಗುವ ಕಡೆಯಾದರೂ ಬಳಸಬೇಕು. ಹೆಚ್ಚು ತೂಕದ ಆಕ್ಷೇಪ ದುಡ್ಡಿನದು. ಕೂಲಿಗೆ ಬಣ್ಣ ಹಾಕಿಕೊಡುವ ಸಣ್ಣ ಘಟಕ ಈಗಾಗಲೇ ಶುದ್ಧೀಕರಣದ ಸಾಲ ಹೊತ್ತಿದೆ, ಹೊಸ ಯಂತ್ರಕ್ಕೆ ಎಲ್ಲಿಂದ ತರಬೇಕು? ಅದರ ಮೇಲೆಯೇ ಮತ್ತೆ ಹೊರೆ ಹಾಕುವುದು ಅನ್ಯಾಯ. ಉಡುಪಿನ ಮೇಲೆ ನೀರು ಉಳಿಸಿದ ಚೀಟಿ ಅಂಟಿಸಿ ಮಾರುವ ಬ್ರಾಂಡುಗಳು ಕಿಲೊ ಬಟ್ಟೆಗೆ ಎಷ್ಟು ಉಪ್ಪು ಹೋಯಿತೆಂದು ಕೇಳಲಿ. ಕಡಿಮೆ ಬಳಸಿದವರಿಗೆ ಬಣ್ಣದ ಕೂಲಿಯನ್ನು ಅಷ್ಟು ಹೆಚ್ಚಿಸಿ ಕೊಡಲಿ.